ಗೇಟಿಗೆ ಹಗಲಲ್ಲೇ ಬೀಗ ಯಾಕೆ?

ನಮ್ಮ ಮನೆಯ ಗೇಟಿಗೆ ಈಗ ಹಗಲಲ್ಲೇ ಬೀಗ. ಕೀ ನನ್ನ ಸೊಂಟದಲ್ಲಿ. ಬೆಳುವಾಯಿಯಲ್ಲಿ ಸದ್ಯಕ್ಕೆ ಇದೇ ಸುದ್ದಿ. ಅಜ್ಜಿಗೆ ಸೊಕ್ಕು ಬಂದಿದೆಯಂತೆ. (ಸೊಕ್ಕು ಮೊದಲೇ ಇತ್ತು. ಬೀಗ ಮಾತ್ರ ಹೊಸದು.)

ಮಗಳ ಮಗ ಸುಕೇಶ ಮೂಡುಬಿದಿರೆಯ ಕಾಲೇಜೊಂದರ ಬಸ್ ಡ್ರೈವರ್. ಮೂವತ್ತನಾಲ್ಕು ವರ್ಷ. ಕ್ಲಚ್ ತುಳಿಯುವಾಗ ಎಡ ಮೊಣಕಾಲು ನೋಯುತ್ತದೆ ಎಂದ. ಎಣ್ಣೆ ತಿಕ್ಕಿದೆವು, ಬೆಲ್ಟ್ ಕಟ್ಟಿದೆವು, ಎಕ್ಸ್‌ರೇ ತೆಗೆಸಿದೆವು. ಮೊಣಕಾಲು ಫಸ್ಟ್ ಕ್ಲಾಸ್! ನೋವು ಮಾತ್ರ ಹಾಗೇ ಇತ್ತು.

ಮಂಗಳೂರಿನ ಎಲುಬಿನ ಡಾಕ್ಟರು ಮೊಣಕಾಲಿನ ಕಡೆ ಹೆಚ್ಚು ಹೊತ್ತು ನೋಡಲೇ ಇಲ್ಲ. ಇಡೀ ಕಾಲನ್ನು ಮಡಚಿ ಒಳಕ್ಕೆ ತಿರುಗಿಸಿದರು. ಇವನು ಕಿರುಚಿದ. ಎಂಆರ್‌ಐ ಆಯಿತು. ರೋಗ ಇದ್ದದ್ದು ಸೊಂಟದ ಸಂದಿನಲ್ಲಿ, ಅಲ್ಲಿಯ ನೋವೇ ಮೊಣಕಾಲಿಗೆ ಇಳಿಯುತ್ತಿತ್ತಂತೆ.

ತೊಡೆಯ ಎಲುಬಿನ ತುದಿಯಲ್ಲಿ ಒಂದು ಗುಂಡು ಇರುತ್ತದೆ. ಅದಕ್ಕೆ ರಕ್ತ ಹೋಗುವುದು ಕಡಿಮೆಯಾಗಿ ಎಲುಬು ಒಳಗೊಳಗೇ ಸಾಯುತ್ತಿತ್ತು. ಮನುಷ್ಯ ಬದುಕಿರುವಾಗ ಎಲುಬು ಮಾತ್ರ ಸಾಯುತ್ತದೆಯೇ? ಸಾಯುತ್ತದಂತೆ. ಹೆಚ್ಚು ಕುಡಿದರೆ ಆಗಬಹುದು, ಸ್ಟೀರಾಯ್ಡ್ ಮಾತ್ರೆ ತಿಂದರೂ ಆಗಬಹುದು. ಸುಕೇಶ ಕುಡಿಯುವವನಲ್ಲ. ಆದರೆ ಉಬ್ಬಸಕ್ಕೆಂದು ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತಂದು ತಿನ್ನುತ್ತಿದ್ದ ಮಾತ್ರೆ ಅದೇ ಜಾತಿಯದ್ದು. ಡಾಕ್ಟರಿಗೆ ಹೇಳದೆ ಮಾತ್ರೆ ನುಂಗುವ ಬುದ್ಧಿವಂತರು ಇದನ್ನು ಎರಡು ಸಲ ಓದಿ.

ನಾನು ನೇರವಾಗಿ ಕೇಳಿದೆ. “ಗುಂಡು ಹಾಳಾದರೆ ಹೊಸತು ಹಾಕಿಬಿಡಿ ಡಾಕ್ಟ್ರೇ. ನನಗೂ ಹಾಕಿದ್ದಾರೆ. ನಡೀತಿದ್ದೇನಲ್ಲ?”

“ನಿಮಗೆ ಎಪ್ಪತ್ತು ದಾಟಿದ ಮೇಲೆ ಹಾಕಿದ್ದು ಅಜ್ಜಿ. ಇವರಿಗೆ ಈಗ್ಲೇ ಹಾಕಿದ್ರೆ ಮುಂದೆ ಅದು ಸವೆದು ಪುನಃ ಬದಲಿಸ್ಬೇಕಾದೀತು. ಗುಂಡು ಇನ್ನೂ ಕುಸಿದಿಲ್ಲ. ಅವರದ್ದನ್ನೇ ಉಳಿಸಿ ನೋಡುವ.”

ಉಳಿಸುವುದು ಹೇಗೆ? ತೊಡೆಯ ಬದಿಯಿಂದ ಸತ್ತ ಜಾಗದವರೆಗೆ ಸಣ್ಣ ತೂತು ಕೊರೆಯುವುದು. ಒಳಗಿನ ಒತ್ತಡ ಇಳಿದು ರಕ್ತ ಹರಿಯಲು ದಾರಿಯಾಗುತ್ತದೆ. ಆಮೇಲೆ ಅವನದ್ದೇ ಸೊಂಟದ ಎಲುಬಿನಿಂದ ಮಜ್ಜೆ ಎಳೆದು, ಮಿಷನ್ನಿನಲ್ಲಿ ಗರಗರ ತಿರುಗಿಸಿ, ಅದರ ಸಾರವನ್ನು ಆ ತೂತಿನೊಳಗೆ ಬಿಡುವುದು. ಹೊಸ ಎಲುಬು ಹುಟ್ಟಲಿ ಎಂದು. (ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗೆ ಎಂದೆ. ಡಾಕ್ಟರು ಅಲ್ಲ ಎನ್ನಲಿಲ್ಲ.)

“ಗ್ಯಾರಂಟಿ ಉಂಟಾ?”

“ಇಲ್ಲ.”

ಅಷ್ಟಕ್ಕೇ ಆ ಡಾಕ್ಟರ ಮೇಲೆ ನನಗೆ ನಂಬಿಕೆ ಬಂತು.

ಆಪರೇಷನ್ ಸುಸೂತ್ರ ಮುಗಿಯಿತು. ಷರತ್ತು ಒಂದೇ: ಒಂದೂವರೆ ತಿಂಗಳು ಎಡಗಾಲು ನೆಲಕ್ಕೆ ಊರಬಾರದು. ಭಾರ ಬಿದ್ದರೆ ಕೊರೆದ ಎಲುಬು ಮುರಿಯಬಹುದು, ಗುಂಡು ಕುಸಿಯಬಹುದು. ಕುಸಿದರೆ ಉಳಿಸುವ ಮಾತು ಅಲ್ಲಿಗೇ ಮುಗಿಯಿತು.

ಮನೆಗೆ ಬಂದೆವು. ಹಿಂದೆಯೇ ಊರೂ ಬಂತು.

ನಮ್ಮಲ್ಲಿ ಕಾಯಿಲೆ ಬಿದ್ದವರನ್ನು ನೋಡಲು ಹೋಗದಿದ್ದರೆ ಮಹಾ ಅಪರಾಧ. ಬ್ರೆಡ್ಡು, ಮೂಸಂಬಿ ಹಿಡಿದು ಬರುತ್ತಾರೆ. ಬಂದವರಿಗೆ ಬೆಲ್ಲ, ನೀರು ಕೊಡಬೇಕು. ಹಿರಿಯರು ಬಂದರೆ ಎದ್ದು ನಿಲ್ಲಬೇಕು. ಸುಕೇಶನಿಗೆ ಇದನ್ನು ಕಲಿಸಿದವಳು ನಾನೇ, ಚೆನ್ನಾಗಿಯೇ ಕಲಿಸಿದ್ದೇನೆ.

ಮಡಂತ್ಯಾರಿನಿಂದ ನನ್ನ ತಮ್ಮ ಸಂಜೀವ ಬಂದ. ಅವನ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಕುರ್ಚಿಯಲ್ಲಿದ್ದ ಸುಕೇಶ ಎದ್ದು ನಿಂತ. ಎರಡೂ ಕಾಲಿನ ಮೇಲೆ! ಊರುಗೋಲು ಗೋಡೆಗೆ ಒರಗಿಕೊಂಡೇ ಇತ್ತು.

“ಬನ್ನಿ ಅಜ್ಜ” ಎಂದವನ ಮುಖ ಮರುಕ್ಷಣವೇ ಬಿಳಿಚಿತು.

“ಕೂತ್ಕೊ ಮಾರಾಯ, ಕೂತ್ಕೊ” ಎಂದ ಸಂಜೀವ. ಇವನು ಪೂರ್ತಿ ಎದ್ದು ನಿಂತ ಮೇಲೆ! ಮೊದಲೇ ಹೇಳಲು ಬಾಯಿಗೆ ಏನಾಗಿತ್ತು?

ನೋವು ಇಳಿಯಲಿಲ್ಲ. ಕಾರು ಮಾಡಿಕೊಂಡು ಮಂಗಳೂರಿಗೆ ಓಡಿದೆವು. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ. “ಅಜ್ಜಿ, ಇನ್ನು ನನಗೆ ಕ್ಲಚ್ ತುಳೀಲಿಕ್ಕೆ ಆಗ್ತದಾ?” ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ನನಗೆ ಬರುವುದಿಲ್ಲ.

ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಹಿಡಿದು ಒಳಗೆ ಬಂದರು. ಈ ಪುಣ್ಯಾತ್ಮ ಪುನಃ ಎದ್ದ!

ಅಂಗಿ ಹಿಡಿದು ಜಗ್ಗಿ ಕೂರಿಸಿದೆ. ಡಾಕ್ಟರು ಹಣೆ ಚಚ್ಚಿಕೊಂಡರು. “ನನಗೆ ನಿಮ್ಮ ಮರ್ಯಾದೆ ಬೇಡ ಮಾರಾಯ್ರೆ, ಕಾಲು ಮೇಲೆ ಇಡಿ! ಈ ಸಲ ಬಚಾವ್. ಗುಂಡು ಕುಸಿದಿಲ್ಲ. ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನು ಜನ ಅಲ್ಲ, ಹೊಣೆ ನಿಮ್ದೇ.”

ಮನೆಗೆ ಬಂದವಳೇ ಗೇಟಿಗೆ ಬೀಗ ಹಾಕಿದೆ. ಮಾತು ಗೇಟಿನ ಹತ್ತಿರವೇ. ಬೆಲ್ಲ, ನೀರೂ ಅಲ್ಲಿಯೇ. ಮೂಸಂಬಿಯನ್ನು ಸರಳಿನ ಸಂದಿಯಿಂದ ತೆಗೆದುಕೊಳ್ಳುತ್ತೇನೆ.

ನಿನ್ನೆ ಸಂಜೀವ ಮತ್ತೆ ಬಂದಿದ್ದ. ಗೇಟಿನ ಹೊರಗೆ ನಿಂತು ಮುಖ ಊದಿಸಿಕೊಂಡ. “ಎಂಥದು ಅಕ್ಕ ಇದು? ನನ್ನನ್ನೂ ಹೊರಗೆ ನಿಲ್ಲಿಸುದಾ? ಸ್ವಂತ ತಮ್ಮನಿಗೆ ಇಷ್ಟೂ ಮರ್ಯಾದೆ ಇಲ್ವಾ?”

“ಉಂಟು. ಅದಕ್ಕೇ ಬೀಗ” ಎಂದೆ. “ಒಳಗಿರುವವನಿಗೆ ನಿನ್ನ ಮೇಲೆ ಮರ್ಯಾದೆ ಸ್ವಲ್ಪ ಜಾಸ್ತಿಯೇ ಆಯಿತು.”

ಸತ್ತ ಎಲುಬು ಚಿಗುರುತ್ತದೋ ಇಲ್ಲವೋ, ಮುಂದಿನ ಎಂಆರ್‌ಐಯಲ್ಲಿ ಗೊತ್ತಾಗಬೇಕು. ಅಲ್ಲಿಯವರೆಗೆ ಬೀಗ ತೆಗೆಯುವುದಿಲ್ಲ. ರೋಗಿಯನ್ನು ನೋಡಲು ಬರುವವರಿಗೆ ನನ್ನದೊಂದೇ ಪ್ರಶ್ನೆ: ಅವನು ಕೂತಲ್ಲಿಂದಲೇ ‘ಬನ್ನಿ’ ಎಂದರೆ ನಿಮ್ಮ ಯಾವ ಎಲುಬು ಮುರಿಯುತ್ತದೆ?