ಮುಚ್ಚಿದ ಕಾಲುವೆಗೆ ಒಂದು ಬಿಂದಿಗೆ ನೀರು

ಅಲ್ರಪ್ಪಾ, ಇವತ್ತು ಹಿರಿಯೂರಿನ ನಮ್ಮ ಕಾಲುವೆ ಆಫೀಸಲ್ಲಿ ಆಗಿದ್ದು ಕೇಳ್ರಿ. ಮಾರಿಕಣಿವೆ ಡ್ಯಾಮಿನಿಂದ ಬಿಟ್ಟ ನೀರಲ್ಲಿ ಎಷ್ಟು ಪಾಲು ಹೊಲ ಮುಟ್ತು ಅಂತ ವಾರಾವಾರ ಲೆಕ್ಕ ಕಳಿಸೋದು ನನ್ನ ಕೆಲಸ. ಮುಟ್ಟಿದ್ದನ್ನ ಬಿಟ್ಟಿದ್ದರಿಂದ ಭಾಗಿಸಿದರೆ ಮುಗೀತು. ಈ ವಾರ ರಿಪೇರಿಗೆ ಅಂತ ಕಾಲುವೆ ಮುಚ್ಚಿತ್ತು. ಬಿಟ್ಟಿದ್ದೂ ಸೊನ್ನೆ, ಮುಟ್ಟಿದ್ದೂ ಸೊನ್ನೆ.

ನಮ್ಮ ಹಳೇ ಲೆಕ್ಕದ ಮಿಷಿನ್ನಿನ ಹಿಡಿ ತಿರುಗಿಸಿದೆ. ತೋಳು ಸೋತರೂ ಭಾಗಾಕಾರ ಮುಗೀಲಿಲ್ಲ. ಸಾಹೇಬರ ಹೊಸ ಕ್ಯಾಲ್ಕುಲೇಟರ್ 'ಇ' ಅಂತ, ಅಂದ್ರೆ ಎರರ್ ಅಂತ ತೋರಿಸ್ತು. ಚಿತ್ರದುರ್ಗದ ಆಫೀಸಿಗೆ ಫೋನ್ ಮಾಡಿದರೆ ಅಲ್ಲಿನ ಮಿಷಿನ್ ಸೊನ್ನೆ ಅಂತಂತೆ.

"ಹಂಗಾದ್ರೆ ಸೊನ್ನೇನೇ ಬರೀರಿ," ಅಂದ್ರು ಸಾಹೇಬರು.

"ಸಾರ್, ಸೊನ್ನೆ ಅಂದ್ರೆ ಬಿಟ್ಟ ನೀರೆಲ್ಲ ಪೋಲಾಯ್ತು ಅಂತ ಅರ್ಥ. ತೂಬು ತೆಗೆದು ಮುಚ್ಚೋ ನೀರುಗಂಟಿ ತಿಪ್ಪೇಸ್ವಾಮಣ್ಣಂಗೆ ಮೆಮೋ ಹೋಗುತ್ತೆ. ಕಾಲುವೆ ಮುಚ್ಚಿತ್ತು ಅಂತ ಬರೆಯಾಣ."

"ಆ ಕಾಲಂನಲ್ಲಿ ಅಂಕಿ ಬಿಟ್ಟು ಬೇರೇನೂ ಬರೆಯಂಗಿಲ್ಲ ಕಣ್ರಿ." ಸಾಹೇಬರು ಕ್ಯಾಲ್ಕುಲೇಟರ್ ಪಕ್ಕಕ್ಕೆ ಸರಿಸಿದ್ರು. "ಒಂದ್ ಕೆಲಸ ಮಾಡ್ರಿ. ವಾರ ಮುಗಿಯೋಕೆ ಇನ್ನೂ ಒಂದು ದಿನ ಇದೆ, ನಾಳೆ ತೂಬಿನ ಹತ್ರ ಒಂದು ಬಿಂದಿಗೆ ನೀರು ಸುರಿಸ್ರಿ. ಆಗ ಬಿಟ್ಟಿದ್ದು ಸೊನ್ನೆ ಆಗಲ್ಲ. ಎಲ್ಲಾ ಮಿಷಿನ್ನೂ ಒಂದೇ ಉತ್ತರ ಕೊಡ್ತವೆ."

ಕೊಡ್ತವೆ, ಅದೇನೋ ನಿಜ. ನಾಳೆ ತಿಪ್ಪೇಸ್ವಾಮಣ್ಣ ಬಿಂದಿಗೆ ಹೊತ್ಕೊಂಡು ಹೋಗಿ ಸುರೀತಾರೆ, ಅದು ನಾಲ್ಕು ಮಾರು ಹೋಗೋದ್ರೊಳಗೆ ಇಂಗಿಹೋಗುತ್ತೆ, ಮೂರು ಮಿಷಿನ್ನೂ ಒಟ್ಟಿಗೆ ಸೊನ್ನೆ ಅಂತವೆ. ನೀರು ಪೋಲು ಮಾಡಿದ್ರಿ ಅಂತ ತಿಪ್ಪೇಸ್ವಾಮಣ್ಣಂಗೆ ಹೋಗೋ ಆ ಮೆಮೋ ಟೈಪ್ ಮಾಡೋದೂ ನನ್ನ ಕೆಲಸಾನೇ.