ಸ್ಟೆಪ್ನಿ ಇದ್ದ ಜಾಗದಲ್ಲಿ ಮರಳು

ನಮ್ಮ ಕಂಪನಿಯ ಪ್ರಧಾನ ಕಚೇರಿ ಇದ್ದದ್ದು ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಒಂದು ದೇಶದಲ್ಲಿ. ನಾನು ಕೆಲಸ ಮಾಡುತ್ತಿದ್ದದ್ದು ಮಲೇಶಿಯಾದ ಪೆಟಾಲಿಂಗ್ ಜಯಾದಲ್ಲಿ, ಹನ್ನೆರಡು ತಿಂಗಳೂ ಬೆವರು ಬೀಳುವ ಊರಿನಲ್ಲಿ. ಈ ಅಲ್ಪ ವ್ಯತ್ಯಾಸ ಪ್ರಧಾನ ಕಚೇರಿಯ ಗಮನಕ್ಕೆ ಬಂದಿರಲಿಲ್ಲ. 2010ರ ದಶಕದ ನಡುವಿನ ಒಂದು ನವೆಂಬರಿನಲ್ಲಿ ಅಲ್ಲಿಂದ ಸುತ್ತೋಲೆ ಬಂತು: ಕಂಪನಿಯ ಕಾರು ಪಡೆದವರೆಲ್ಲರೂ, ಯಾವ ದೇಶದವರೇ ಆಗಿರಲಿ, ಚಳಿಗಾಲದ ತುರ್ತು ಸಾಮಗ್ರಿಗಳನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳತಕ್ಕದ್ದು. ತಿಂಗಳಿಗೊಮ್ಮೆ ತಪಾಸಣೆ. ಇಲ್ಲದವರ ಕಾರು ವಾಪಸ್.

ಪಟ್ಟಿಯಲ್ಲಿ ಹನ್ನೊಂದು ವಸ್ತುಗಳು. ಉಣ್ಣೆಯ ಕಂಬಳಿ, ಹಿಮ ಎತ್ತುವ ಸಲಿಕೆ, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಸಾಧನ, ಮೇಣದ ಬತ್ತಿ, ಚಾಕಲೇಟ್, ಸೀಟಿ, ಮತ್ತು ಚಕ್ರ ಜಾರದಂತೆ ಕೆಳಗೆ ಸುರಿಯಲು ಇಪ್ಪತ್ತು ಕಿಲೋ ಮರಳು. ಉಳಿದವು ಇಷ್ಟು ರೋಮಾಂಚಕಾರಿಯಾಗಿರಲಿಲ್ಲ.

ನಮ್ಮ ಮನೆಯಲ್ಲಿ ಆಗ ನಿಜವಾದ ತುರ್ತು ಒಂದೇ ಇತ್ತು. ಮಗಳಿಗೆ ಎರಡು ಕಾಲೇಜುಗಳು ಫಾರ್ಮಸಿ ಸೀಟು ಇಲ್ಲವೆಂದಿದ್ದವು. ಮೂರನೆಯದು, ಅಂದರೆ ಕೊನೆಯದು, ನಿಲಾಯ್‌ನ ವಿಶ್ವವಿದ್ಯಾಲಯ. ಅಲ್ಲಿ ಸಂದರ್ಶನ, ಮಧ್ಯಾಹ್ನ ಮೂರಕ್ಕೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಸುಬಾಂಗ್ ಜಯಾದ ನಮ್ಮ ಮನೆಯಿಂದ ಅಲ್ಲಿಗೆ ಹೋಗಲು ಕಾರು ಬೇಕು. ಕಾರು ಉಳಿಯಲು ಹಿಮದ ಸಲಿಕೆ ಬೇಕು. ತರ್ಕ ನಿರ್ದೋಷವಾಗಿತ್ತು.

ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಸುತ್ತೋಲೆಯನ್ನು ಗೌರವದಿಂದಲೇ ಕೇಳಿಸಿಕೊಂಡಳು.

"ಏನ್ರೀ, ಹಿಮ ಬೀಳೂದು ಯಾವಾಗಂತ? ಮ್ಯಾಲೆ ಹಪ್ಪಳ ಒಣಾಕ ಹಾಕೀನಿ. ಮೊದ್ಲ ಹೇಳಿದ್ರ ಒಳಗ ತರ್ತೀನಿ."

"ತಮಾಷೆ ಮಾಡಬೇಡ. ತಪಾಸಣೆ ಇದೆ."

"ತಮಾಷಿ ನಾ ಮಾಡಾಕತ್ತೀನೇನು?"

ನಾನು ಮಲೇಶಿಯಾಕ್ಕೆ ಬರುವ ಮೊದಲು ಹನ್ನೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಸವೆದವನು. ಕಾಗದದಲ್ಲಿ ಇದ್ದದ್ದು ಇರಬೇಕು, ಇಲ್ಲದ್ದು ಇಲ್ಲ ಎಂಬುದು ನನ್ನ ರಕ್ತದಲ್ಲಿ ಇಳಿದಿತ್ತು. ಸಲಿಕೆಯನ್ನು ಗಿಡ ಮಾರುವವನಲ್ಲಿ ತಂದೆ. ಮಂಜುಗಡ್ಡೆ ಕೆರೆಯಲು ದೋಸೆ ಮಗುಚುವ ಸಟ್ಟುಗವನ್ನು ಅಡುಗೆಮನೆಯಿಂದ ಸೇವೆಗೆ ಕರೆಸಿಕೊಂಡೆ. ಉಣ್ಣೆಯ ಕಂಬಳಿಗಾಗಿ ಮೂರು ಮಾಲ್ ಅಲೆದೆ. ಕೊನೆಗೆ ಅದನ್ನು ಕೊಟ್ಟ ಅಂಗಡಿಯ ಹುಡುಗಿ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಮೇಣದ ಬತ್ತಿಗಳು ಒಂದೇ ದಿನದ ಬಿಸಿಲಿಗೆ ಡಿಕ್ಕಿಯಲ್ಲಿ ಒಂದಕ್ಕೊಂದು ಅಪ್ಪಿಕೊಂಡು ಮಲಗಿದವು. ಚಾಕಲೇಟ್ ಪಾನೀಯವಾಯಿತು.

ಮರಳಿನ ಚೀಲ ಮಾತ್ರ ಹಿಡಿಯಲಿಲ್ಲ. ನಮ್ಮದು ಸಣ್ಣ ಕಾರು. ಡಿಕ್ಕಿ ಮುಚ್ಚದಿದ್ದರೆ ತಪಾಸಣೆಯಲ್ಲಿ ನಪಾಸು. ಅರ್ಧ ಗಂಟೆ ಯೋಚಿಸಿದ ಮೇಲೆ ನನ್ನೊಳಗಿನ ಇಂಜಿನಿಯರ್ ಎದ್ದು ನಿಂತ. ಡಿಕ್ಕಿಯ ತಳದಲ್ಲಿ ಸ್ಟೆಪ್ನಿ ಕೂರುವ ಗುಂಡಿ ಇದೆಯಲ್ಲ! ಸ್ಟೆಪ್ನಿಯನ್ನು ಎತ್ತಿ ಬಾಲ್ಕನಿಯಲ್ಲಿಟ್ಟೆ. ಮರಳು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ಸ್ಟೆಪ್ನಿಯ ಹೆಸರು ಎಲ್ಲಿಯೂ ಇರಲಿಲ್ಲ. ಹೆಂಡತಿ ಅದರ ಮೇಲೆ ಕರಿಬೇವಿನ ಕುಂಡ ಇಟ್ಟಳು.

ತಪಾಸಣೆಗೆ ಬಂದ ಸುರಕ್ಷತೆಯ ಅಧಿಕಾರಿ ಒಬ್ಬ ತಮಿಳು ಹೆಣ್ಣುಮಗಳು. ಬಿಸಿಲಿನಲ್ಲಿ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಹನ್ನೊಂದು ವಸ್ತುಗಳನ್ನೂ ಗುರುತು ಹಾಕಿಕೊಂಡರು. ಸಟ್ಟುಗದ ಬಳಿ ಒಂದು ಕ್ಷಣ ನಿಂತರು.

"ಸಾರ್, ದಿಸ್ ಒನ್ ಫಾರ್ ತೋಸೈ, ನೋ?"

"ಮಂಜುಗಡ್ಡೆಗೂ ಆಗುತ್ತೆ."

"ಓಕೆ ಲಾ," ಎಂದು ಮಲೇಶಿಯಾದ ಧಾಟಿಯಲ್ಲಿ ಒಪ್ಪಿ ಗುರುತು ಹಾಕಿದರು. ಚಾಕಲೇಟಿನ ಮುಂದೆ 'ಇದೆ, ದ್ರವರೂಪ' ಎಂದು ಬರೆದರು. ನೂರಕ್ಕೆ ನೂರು.

ಮರುವಾರ ನಿಲಾಯ್‌ಗೆ ಹೊರಟೆವು. ಒಂದೂಕಾಲಿಗೇ ಹೊರಟದ್ದು, ಮಧ್ಯಾಹ್ನದ ಮಳೆಗೆಂದು ಒಂದಿಷ್ಟು ಸಮಯ ಬಿಟ್ಟು. ಮಗಳು ಹಿಂದಿನ ಸೀಟಿನಲ್ಲಿ ಇಸ್ತ್ರಿ ಕೆಡದಂತೆ ನೆಟ್ಟಗೆ ಕೂತು ಉತ್ತರಗಳನ್ನು ಗೊಣಗುತ್ತಿದ್ದಳು. ಅರ್ಧ ದಾರಿಯಲ್ಲಿ ಆಕಾಶ ಕಪ್ಪಾಗಿ ಸುರಿಯತೊಡಗಿತು. ಮುಂದಿನ ಕಾರಿನ ದೀಪಗಳಷ್ಟೇ ಕಾಣುತ್ತಿದ್ದವು. ಆಗ ಎಡಗಡೆಯ ಹಿಂದಿನ ಚಕ್ರ 'ಟಪ್' ಎಂದು ಸದ್ದು ಮಾಡಿ ತನ್ನ ಅಭಿಪ್ರಾಯ ತಿಳಿಸಿತು.

ರಸ್ತೆಯ ಅಂಚಿಗೆ ನಿಲ್ಲಿಸಿದೆ. ನಾನು ಡಿಕ್ಕಿ ತೆರೆದಾಗ ಮಗಳು ಕೊಡೆ ಹಿಡಿಯಲು ಇಳಿದಳು. ಗಾಳಿ ಕೊಡೆಯನ್ನು ಮೊದಲ ನಿಮಿಷದಲ್ಲೇ ಮಗುಚಿತು. ಸಲಿಕೆ, ಸಟ್ಟುಗ, ಬತ್ತಿಗಳ ಒಕ್ಕೂಟ, ಎಲ್ಲವನ್ನೂ ಹೆದ್ದಾರಿಯ ಬದಿಗೆ ಒಂದೊಂದಾಗಿ ಇಳಿಸಿದೆ. ತಳದ ಹಲಗೆ ಎತ್ತಿದೆ. ಮರಳು.

"ಅಪ್ಪಾ, ವೇರ್ ಈಸ್ ದ ಟೈರ್?"

ಮುಂದಿನ ಸೀಟಿನಿಂದ ಹೆಂಡತಿ ಕೂಗಿದಳು: "ಕರಿಬೇವಿನ ಕೆಳಗ ಐತಿ, ಮಗಾ!"

ಮಗಳು ನನ್ನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಗಡಿಯಾರ ಎರಡು ತೋರಿಸುತ್ತಿತ್ತು.

ಕೆಟ್ಟು ನಿಂತ ಕಾರು ಹೊತ್ತೊಯ್ಯುವ ಲಾರಿಗೆ ಫೋನ್ ಮಾಡಿದೆ. ಅದು ಬರುವಷ್ಟರಲ್ಲಿ ಎರಡೂಕಾಲು. ಚಾಲಕ ಮಲಯ್ ಹಿರಿಯ. ನನ್ನ ಪ್ರದರ್ಶನವನ್ನು ಒಂದು ಸುತ್ತು ನೋಡಿದ. ಸಲಿಕೆಯನ್ನು ಕೈಗೆತ್ತಿಕೊಂಡು, ತೋಟದ ಕೆಲಸಕ್ಕೆ ಹೊರಟಿದ್ದಿರಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಹಿಮಕ್ಕೆ ಎಂದೆ. ಆತ ಸಲಿಕೆಯನ್ನು ಮೆಲ್ಲಗೆ ಕೆಳಗಿಟ್ಟು, ಮುಂದೆ ನನ್ನನ್ನು ಬಿಟ್ಟು ಹೆಂಡತಿಯೊಡನೆಯೇ ಮಾತಾಡಿದ. ಸಾಮಗ್ರಿಗಳನ್ನೆಲ್ಲ ಮತ್ತೆ ಡಿಕ್ಕಿಗೆ ತುಂಬಿ, ಲಾರಿಯಲ್ಲಿ ಮೂವರ ಜಾಗದಲ್ಲಿ ನಾಲ್ವರು ಕೂತು, ಕಾರನ್ನು ಬೆನ್ನ ಮೇಲೆ ಹೊತ್ತುಕೊಂಡು, ವಿಶ್ವವಿದ್ಯಾಲಯದ ಮುಖ್ಯದ್ವಾರದೊಳಗೆ ಪ್ರವೇಶ ಮಾಡಿದೆವು. ಎರಡು ಐವತ್ತೆರಡು.

ಸಮಯಕ್ಕೆ ತಲುಪಿದೆವಲ್ಲ ಎಂದು ನಾನು ಎದೆಯುಬ್ಬಿಸುವ ಮೊದಲೇ ಒಳಗಿನ ಎಸಿ ಮುಖಕ್ಕೆ ಬಡಿಯಿತು. ಮಲೇಶಿಯಾದಲ್ಲಿ ಚಳಿಗಾಲ ಇಲ್ಲವೆನ್ನುವವರು ಅಲ್ಲಿನ ಸಭಾಂಗಣಗಳಲ್ಲಿ ಕೂತವರಲ್ಲ. ಗೋಡೆಯ ಮೇಲೆ ಹದಿನಾರು ಎಂದು ಅಂಕಿ ಹೊಳೆಯುತ್ತಿತ್ತು. ಒದ್ದೆ ಬಟ್ಟೆಯ ಮಗಳು ಎರಡೇ ನಿಮಿಷದಲ್ಲಿ ನಡುಗತೊಡಗಿದಳು. ಸ್ವಾಗತದ ಮೇಜಿನಲ್ಲಿ ಹೆಸರು ಕೇಳಿದರೆ ಹಲ್ಲು ಕಟಕಟ ಎಂದಿತೇ ಹೊರತು ಹೆಸರು ಬರಲಿಲ್ಲ.

"ಹೆಸರ ಹೇಳಾಕ ಬರಾಂಗಿಲ್ಲ, ಇನ್ನ ಸಂದರ್ಶನ ಏನ್ ಕೊಡ್ತೈತಿ ಕೂಸು," ಎಂದಳು ಹೆಂಡತಿ. ಮೊದಲ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ರೀ, ಆ ಕಂಬಳಿ!"

ನಾನು ಓಡಿದೆ. ಆ ವಯಸ್ಸಿನಲ್ಲಿ, ಆ ಹೊಟ್ಟೆಯಲ್ಲಿ, ಆ ಮಳೆಯಲ್ಲಿ. ಲಾರಿಯ ಮೇಲಿಂದ ಕಾರು ಇನ್ನೂ ಇಳಿಯುತ್ತಿತ್ತು. ಕಂಬಳಿ ಸುತ್ತೋಲೆಯ ಆದೇಶದಂತೆ ಪ್ಲಾಸ್ಟಿಕ್ ಚೀಲದೊಳಗೆ, ಒಂದು ಹನಿ ಸೋಕದೆ, ಬೆಚ್ಚಗಿತ್ತು. ಮಗಳಿಗೆ ಮೂಗಿನವರೆಗೆ ಸುತ್ತಿದೆವು. ನಡುಕ ನಿಲ್ಲುವಷ್ಟರಲ್ಲಿ ಕರೆ ಬಂತು.

"ಅಪ್ಪಾ, ಐ ಲುಕ್ ಲೈಕ್ ಎ ಟೆಂಟ್."

"ಬೆಚ್ಚಗಿದೆಯೋ ಇಲ್ಲವೋ?"

"ಬೆಚ್ಚಗಿದೆ," ಎಂದಳು, ಕನ್ನಡದಲ್ಲಿ. ಕಂಬಳಿ ಹೊದ್ದೇ ಒಳಗೆ ಹೋದಳು.

ಸೀಟು ಸಿಕ್ಕಿತು. ಹಾಸ್ಟೆಲ್ ಸೇರುವ ದಿನ ಕೇಳದೆಯೇ ಕಂಬಳಿಯನ್ನು ತನ್ನ ಪೆಟ್ಟಿಗೆಗೆ ಹಾಕಿಕೊಂಡಳು. ಸ್ಟೆಪ್ನಿ ಡಿಕ್ಕಿಗೆ ಮರಳಿತು. ಮರಳಿನ ಚೀಲ ಹಿಂದಿನ ಸೀಟಿಗೆ ಏರಿ, ಮಗಳ ಜಾಗದಲ್ಲಿ ಬೆಲ್ಟ್ ಹಾಕಿಕೊಂಡು ಕೂತಿತು.

ಮುಂದಿನ ತಪಾಸಣೆಯಲ್ಲಿ ಕಂಬಳಿ ಇಲ್ಲವೆಂದು ಒಂದು ನಮೂನೆ ತುಂಬಬೇಕಾಯಿತು. 'ವಸ್ತುವನ್ನು ಯಾವ ಸಂದರ್ಭದಲ್ಲಿ ಬಳಸಲಾಯಿತು?' ಎಂಬಲ್ಲಿ ಸತ್ಯವನ್ನೇ ಬರೆದೆ: 'ತೀವ್ರ ಚಳಿ, ನಿಲಾಯ್.' ಪ್ರಧಾನ ಕಚೇರಿಯಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಬಂದದ್ದು ಹೊಸ ಕಂಬಳಿ, ಮೊದಲಿನದಕ್ಕಿಂತ ದಪ್ಪ.