ಬರೀ ಬೆಂಗಳೂರು ಕ್ಷೇತ್ರದ ಮತದಾರ

ಹುಟ್ಟಿದಾಗ ದೊಡ್ಡೋರೆಲ್ಲ ಬಂದು ಕೈ ಮುಗಿದ್ರು, ಸತ್ತಾಗ ಯಾರೂ ತಲೆಗೆ ಸ್ನಾನ ಕೂಡ ಮಾಡಲಿಲ್ಲ. ಏನದು? ಬಿಡಿ, ನಿಮ್ಮ ಕೈಲಾಗಲ್ಲ. ಲೋಕಸಭಾ ಕ್ಷೇತ್ರ. ನನಗೂ ಗೊತ್ತಾಗಿದ್ದು ಬಾಗಲಗುಂಟೆಯ ಟೀ ಅಂಗಡಿ ಮುಂದೆಯೇ.

ಕಳೆದ ಎಲೆಕ್ಷನ್‌ನಲ್ಲಿ ಪ್ರಚಾರದ ಆಟೋದಲ್ಲಿ ಕೂತು ಮೈಕಲ್ಲಿ ಕೂಗೋದು ನನ್ನ ಕೆಲಸ. "ಬೆಂಗಳೂರು ಉತ್ತರ ಕ್ಷೇತ್ರದ ಮಹಾಜನಗಳೇ" ಅಂದಿದ್ದೇ ತಡ, ಟೀ ಕುಡೀತಿದ್ದ ಯಜಮಾನರೊಬ್ಬರು ಆಟೋಗೆ ಅಡ್ಡ ನಿಂತರು.

"ಲೋ ಮಗಾ, ಉತ್ತರ ದಕ್ಷಿಣ ಏನೂ ಇಲ್ದೆ ಬರೀ ಬೆಂಗಳೂರು ಅಂತಲೇ ಒಂದು ಲೋಕಸಭಾ ಕ್ಷೇತ್ರ ಇತ್ತು. ಆಗ ನಾನು ಪೇಟೇಲಿದ್ದೆ, ನನ್ನ ಮೊದಲನೇ ಓಟು ಅಲ್ಲೇ. ಸ್ವಲ್ಪ ಕಾಲಕ್ಕೇ ಗಡಿ ಬದಲಾಯಿಸಿ ತೆಗೆದುಬಿಟ್ರು. ಇವರು ನಂಬ್ತಿಲ್ಲ."

ಬೆಂಚಿನ ಮೇಲಿದ್ದ ಅವರ ಗೆಳೆಯರು ನಕ್ಕರು. "ಇಲ್ಲದಿರೋ ಕ್ಷೇತ್ರದಲ್ಲಿ ಓಟು ಹಾಕವ್ರೆ! ಗೆದ್ದೋನು ಚಂದ್ರಲೋಕದ ಎಂಪಿ ಕಣ್ರೀ!"

ಯಜಮಾನರ ಮುಖ ಕೆಂಪಾಯ್ತು. "ನೀನೇ ಹೇಳಪ್ಪ. ಮೈಕಲ್ಲಿ ಬಂದ್ರೆ ನಂಬ್ತಾರೆ. ಇಲ್ಲಾಂದ್ರೆ ನಾಳೆಯಿಂದ ಈ ಬೆಂಚಿಗೆ ನಾನ್ ಬರಲ್ಲ."

ನನಗೇನು ಮಣ್ಣು ಗೊತ್ತು? ಆದ್ರೂ ಮೈಕ್ ಎತ್ತಿದೆ. "ಬರೀ ಬೆಂಗಳೂರು ಲೋಕಸಭಾ ಕ್ಷೇತ್ರದ ಏಕೈಕ ಹಾಲಿ ಮತದಾರರು ಇಲ್ಲೇ ನಿಂತಿದ್ದಾರೆ! ದಯವಿಟ್ಟು ಜಾಗ ಬಿಡಿ!"

ಬೆಂಚಿನವರು ಸರಿದು ಕೂತರು. "ಓ, ಆ ಕ್ಷೇತ್ರಾನಾ? ನಮ್ಮಪ್ಪನೂ ಹೇಳ್ತಿದ್ರು" ಅಂದ ಒಬ್ಬ. ಯಜಮಾನರು ಮೀಸೆ ತಿರುವಿ ನಡುವೆ ಕೂತರು.

ನಿಜ ಹೇಳ್ಲಾ? ನಾನು ಕೂಗಿ ಮುಗಿಸೋ ಮೊದಲೇ ಡ್ರೈವರು "ಪಾರ್ಟಿ ಹೆಸರು ಹೇಳೋ, ಕೋತಿ" ಅಂತ ಬೈದು ಆಟೋ ಓಡಿಸಿಬಿಟ್ಟ. ಕ್ಷೇತ್ರ ಇದ್ದಿದ್ದು ನಿಜ, ಆಮೇಲೆ ಮೊಬೈಲಲ್ಲಿ ನೋಡಿದೆ. ಬೆಂಚಿನವರು ಜಾಗ ಬಿಟ್ಟಿದ್ದು ಮಾತ್ರ ನಾನೇ ಕಟ್ಟಿದ್ದು.